ನೆರವು ಕೇಳಲು ಕಡಲು ದಾಟಿದ ದೊರೆ: ಜೊಲೊಫಿನ ಬೂಮಿ ಜೆಲೆನ್



ನಿಮ್ಮ ಅಟ್ಲಾಸನ್ನು ತೆರೆದು ಆಫ್ರಿಕಾ ಖಂಡದ ಪುಟವನ್ನು ಮುಂದಿಟ್ಟುಕೊಳ್ಳಿ. ಪಶ್ಚಿಮ ದಿಕ್ಕಿನಲ್ಲಿ ಅಟ್ಲಾಂಟಿಕ್ ಸಾಗರದೊಳಕ್ಕೆ ಮೂಗಿನಂತೆ ಚಾಚಿಕೊಂಡಿರುವ ಭೂಭಾಗವನ್ನು ಗಮನಿಸಿ. ಅಲ್ಲಿ ಸೆನೆಗಲ್ ಎಂಬ ಹೆಸರು ಕಾಣುತ್ತದೆ. ದೇಶದ ಹೆಸರೂ ಅದೇ, ಅದರ ಉತ್ತರದ ಗಡಿಯಾಗಿ ಹರಿಯುವ ನದಿಯ ಹೆಸರೂ ಅದೇ. ಈ ನದಿಗೂ ಅದರ ದಕ್ಷಿಣದಲ್ಲಿ ಹರಿಯುವ ಗ್ಯಾಂಬಿಯಾ ನದಿಗೂ ನಡುವಣ ಬಯಲಿನಲ್ಲಿ ಸುಮಾರು ಹದಿನಾಲ್ಕನೆಯ ಶತಮಾನದಿಂದ ಹದಿನಾರನೆಯ ಶತಮಾನದ ನಡುಭಾಗದವರೆಗೆ ಒಂದು ದೊಡ್ಡ ರಾಜ್ಯವಿತ್ತು. ಅದರ ಹೆಸರು ಜೊಲೊಫ್. ಅದನ್ನು ಕಟ್ಟಿ ಆಳಿದವರು ವೊಲೊಫ್ ಜನ.

ಈ ರಾಜ್ಯದ ಆಳುವವನೊಬ್ಬ 1488ರಲ್ಲಿ ಸಮುದ್ರ ದಾಟಿ ಪೋರ್ಚುಗಲ್ ದೇಶಕ್ಕೆ ಹೋದ. ಅಲ್ಲಿಯ ರಾಜ ಅವನನ್ನು ಸರಿಸಮಾನ ಗೌರವದಿಂದ ಬರಮಾಡಿಕೊಂಡ. ಇಪ್ಪತ್ತು ಹಡಗುಗಳ ಪಡೆಯೊಂದಿಗೆ ಅವನನ್ನು ತಾಯ್ನಾಡಿಗೆ ಕಳುಹಿಸಿಕೊಟ್ಟ. ಆದರೆ ಆ ದೊರೆ ತನ್ನ ಸಿಂಹಾಸನವನ್ನು ತಲುಪಲಿಲ್ಲ. ಸೆನೆಗಲ್ ನದಿಯ ಬಾಯಲ್ಲಿ, ತನಗೆ ನೆರವಾಗಲೆಂದು ಬಂದಿದ್ದ ಪಡೆಯ ದಂಡನಾಯಕನ ಕೈಯಿಂದಲೇ ಅವನು ಕೊಲೆಯಾದ.

ಅವನು ಏಕೆ ಹೋದ? ಅವನನ್ನು ಏಕೆ ಕೊಂದರು? ಈ ಎರಡು ಪ್ರಶ್ನೆಗಳನ್ನು ಹಿಡಿದು ಹೊರಟರೆ ಒಂದು ಇಡೀ ಕಾಲದ ಚರಿತ್ರೆಯೇ ನಮ್ಮ ಮುಂದೆ ಬಿಚ್ಚಿಕೊಳ್ಳುತ್ತದೆ. ಪರದೆಯ ಮೇಲಿನ ಮಾತುಕತೆಯಲ್ಲಿ ಎಲ್ಲವನ್ನೂ ಹೇಳಲು ಸಮಯ ಸಾಲದು. ಆದ್ದರಿಂದ ಈ ಪುಟಗಳಲ್ಲಿ ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ನೀರಿನಿಂದ ಎದ್ದು ಬಂದವನು

ಮೊದಲು ಜೊಲೊಫ್ ರಾಜ್ಯ ಹುಟ್ಟಿದ ಬಗೆಯನ್ನು ತಿಳಿಯಬೇಕು. ವೊಲೊಫರಲ್ಲಿ ವಂಶದ ಕಥೆಗಳನ್ನು ನೆನಪಿಟ್ಟುಕೊಂಡು ಹಾಡಿ ಹೇಳುವ ಪರಂಪರೆಯ ಜನರಿದ್ದಾರೆ. ಅವರನ್ನು ಗೆವೆಲ್ ಎಂದು ಕರೆಯುತ್ತಾರೆ. ಅವರು ಹೇಳುವ ಕಥೆ ಹೀಗಿದೆ.

ವಾಲೋ ಎಂಬ ಸೀಮೆಯಲ್ಲಿ ನೀರಿನ ದಡದಲ್ಲಿ ಜನ ಮೀನು ಹಂಚಿಕೊಳ್ಳುವಾಗ ಜಗಳ ಹತ್ತಿತು. ಆಗ ನೀರಿನೊಳಗಿಂದ ಒಬ್ಬ ವ್ಯಕ್ತಿ ಎದ್ದು ಬಂದ. ಒಂದು ಮಾತೂ ಆಡದೆ ಮೀನನ್ನು ಎಲ್ಲರಿಗೂ ಸಮವಾಗಿ ಹಂಚಿ ಮತ್ತೆ ನೀರಿನಲ್ಲಿ ಮರೆಯಾದ. ಜನ ಬೆರಗಾದರು. ಅವನನ್ನು ಹಿಡಿಯಬೇಕೆಂದು ಮತ್ತೊಮ್ಮೆ ಸುಳ್ಳು ಜಗಳ ಹೂಡಿದರು. ಅವನು ಬಂದ, ಸಿಕ್ಕಿಬಿದ್ದ. ಆದರೆ ಮಾತನಾಡಲೊಲ್ಲ. ಕೊನೆಗೆ ಒಬ್ಬ ಹೆಂಗಸು ಅವನ ಎದುರಿಗೆ ಎರಡೇ ಕಲ್ಲಿನ ಮೇಲೆ ಮಡಕೆಯಿಡಲು ಹೋದಳು. ಮಡಕೆ ಮತ್ತೆ ಮತ್ತೆ ಉರುಳಿತು. ನೋಡಿ ತಾಳಲಾರದೆ ಅವನು, ಒಲೆಗೆ ಮೂರು ಕಲ್ಲು ಬೇಕೆಂದು ಬಾಯಿಬಿಟ್ಟ. ಹೀಗೆ ಮಾತಾಡಿದವನನ್ನು ಜನ ತಮ್ಮ ನಾಯಕನನ್ನಾಗಿ ಮಾಡಿಕೊಂಡರು. ಈ ಸುದ್ದಿಯನ್ನು ಕೇಳಿದ ಸೀನ್ ಸೀಮೆಯ ಅರಸ ಆಶ್ಚರ್ಯದಿಂದ ಉದ್ಗರಿಸಿದ ಮಾತೇ ಅವನ ಹೆಸರಾಯಿತಂತೆ: ನ್ಜಾಜಾನ್ ನ್ಜಾಯ್. ಸುತ್ತಲಿನ ಸೀಮೆಗಳ ಒಡೆಯರು ತಾವಾಗಿಯೇ ಅವನನ್ನು ಹಿರಿಯನೆಂದು ಒಪ್ಪಿಕೊಂಡರು. ಜೊಲೊಫಿನ ಮೊದಲ ದೊರೆ ಅವನೇ ಎಂಬುದು ಕಥೆಯ ಸಾರಾಂಶ. ಇಂದಿಗೂ ಸೆನೆಗಲ್ ದೇಶದಲ್ಲಿ ನ್ಜಾಯ್ ಎಂಬ ಮನೆತನದ ಹೆಸರು ಬಹಳ ಸಾಮಾನ್ಯ.

ಇದು ಕಥೆ, ಚರಿತ್ರೆಯಲ್ಲ ಎಂದು ನೀವು ತಳ್ಳಿಹಾಕಬಹುದು. ಅವಸರಪಡಬೇಡಿ. ಕಥೆಯ ಕೆಲವು ಪಾಠಗಳು ನ್ಜಾಜಾನ್ ನ್ಜಾಯ್‌ನನ್ನು ಅಲ್ಮೊರಾವಿಡ್ ನಾಯಕ ಅಬು ಬಕ್ರ್‌ನ ಮಗನೆಂದು ಹೇಳುತ್ತವೆ. ಅಬು ಬಕ್ರ್ ತೀರಿಕೊಂಡದ್ದು 1087ರಲ್ಲಿ. ಜೊಲೊಫ್ ದೊಡ್ಡ ರಾಜ್ಯವಾಗಿ ತಲೆಯೆತ್ತಿದ್ದು ಹದಿನಾಲ್ಕನೆಯ ಶತಮಾನದಲ್ಲಿ, ಪೂರ್ವದ ಮಾಲಿ ಸಾಮ್ರಾಜ್ಯದ ಹಿಡಿತ ಸಡಿಲವಾದ ಕಾಲಕ್ಕೆ ಎಂದು ಇತಿಹಾಸಕಾರರು ಭಾವಿಸುತ್ತಾರೆ. ಎರಡಕ್ಕೂ ಮೂರು ಶತಮಾನಗಳಷ್ಟು ಅಂತರ. ತೇದಿಯ ಲೆಕ್ಕದಲ್ಲಿ ಕಥೆ ನಿಲ್ಲುವುದಿಲ್ಲ. ಆದರೆ ಅದು ಇನ್ನೊಂದು ಸಂಗತಿಯನ್ನು ಸ್ಪಷ್ಟವಾಗಿ ಹೇಳುತ್ತದೆ. ಜೊಲೊಫಿನ ಜನ ತಮ್ಮ ದೊರೆತನ ಯುದ್ಧದಿಂದಲ್ಲ, ನ್ಯಾಯವಾದ ಹಂಚಿಕೆಯಿಂದ ಹುಟ್ಟಿತೆಂದು ನಂಬಿದ್ದರು. ಸೀಮೆಗಳು ಗೆಲ್ಲಲ್ಪಟ್ಟವಲ್ಲ, ಒಪ್ಪಿ ಸೇರಿದವು ಎಂದು ತಿಳಿದಿದ್ದರು. ಒಪ್ಪಿ ಸೇರಿದವರು ಒಪ್ಪಿಗೆಯನ್ನು ಹಿಂದಕ್ಕೂ ಪಡೆಯಬಹುದಷ್ಟೆ. ಈ ಮಾತನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಬೂರ್ಬಾ ಮತ್ತು ಅವನ ಸಾಮಂತರು

ಜೊಲೊಫಿನ ದೊರೆಗೆ ಬೂರ್ಬಾ ಎಂದು ಬಿರುದು. ಅವನ ಕೈಕೆಳಗೆ ವಾಲೋ, ಕಯೋರ್, ಬಾವೊಲ್ ಎಂಬ ವೊಲೊಫ್ ಸೀಮೆಗಳಿದ್ದವು. ಸೆರೇರ್ ಜನ ಹೆಚ್ಚಾಗಿದ್ದ ಸೀನ್ ಮತ್ತು ಸಾಲೂಮ್ ಸೀಮೆಗಳೂ ಅವನ ಹಿರಿತನವನ್ನು ಒಪ್ಪಿದ್ದವು. ಪ್ರತಿಯೊಂದು ಸೀಮೆಗೂ ತನ್ನದೇ ಒಡೆಯನಿದ್ದ, ತನ್ನದೇ ಬಿರುದು ಇತ್ತು. ಕಯೋರಿನ ಒಡೆಯ ದಾಮೆಲ್, ವಾಲೋ ಸೀಮೆಯ ಒಡೆಯ ಬ್ರಾಕ್. ಇವರು ಬೂರ್ಬಾನಿಗೆ ಕಪ್ಪಕಾಣಿಕೆ ಸಲ್ಲಿಸುತ್ತಿದ್ದರು. ಒಳಾಡಳಿತ ಮಾತ್ರ ಅವರವರದೇ.

ಮಗ ತಂದೆಯ ಪಟ್ಟಕ್ಕೆ ತಾನಾಗಿಯೇ ಏರುವ ಪದ್ಧತಿ ಅಲ್ಲಿರಲಿಲ್ಲ. ನ್ಜಾಯ್ ವಂಶದಲ್ಲಿ ಹುಟ್ಟಿದ ಅರ್ಹರಲ್ಲಿ ಒಬ್ಬನನ್ನು ಪ್ರಮುಖರು ಆರಿಸುತ್ತಿದ್ದರು. ತಂದೆಯ ವಂಶದ ಜೊತೆಗೆ ತಾಯಿಯ ಮನೆತನವನ್ನೂ ಎಣಿಸುತ್ತಿದ್ದರು. ಹೀಗಾಗಿ ಒಬ್ಬ ದೊರೆ ಸತ್ತಾಗಲೆಲ್ಲ ಅಣ್ಣತಮ್ಮಂದಿರು, ಮಲಸಹೋದರರು, ದಾಯಾದಿಗಳು ಎಲ್ಲರೂ ಪಟ್ಟಕ್ಕೆ ಹಕ್ಕುದಾರರಾಗುತ್ತಿದ್ದರು. ಸಮರ್ಥನನ್ನು ಆರಿಸಲು ಇದು ಒಳ್ಳೆಯ ಪದ್ಧತಿ. ಆದರೆ ಅಂತಃಕಲಹಕ್ಕೂ ಇದೇ ಬಾಗಿಲು.

ಅಟ್ಲಾಸನ್ನು ಇನ್ನೊಮ್ಮೆ ನೋಡಿ. ಜೊಲೊಫಿನ ಮೂಲ ನೆಲ ಒಳನಾಡಿನಲ್ಲಿದೆ, ಸಮುದ್ರಕ್ಕೆ ತಾಗಿಲ್ಲ. ಕಡಲತೀರವೆಲ್ಲ ಸಾಮಂತರ ಕೈಯಲ್ಲಿತ್ತು. ಸಮುದ್ರದ ಕಡೆಯಿಂದ ಯಾರೂ ಬಾರದಿದ್ದ ಕಾಲದಲ್ಲಿ ಇದರಿಂದ ತೊಂದರೆಯೇನೂ ಇರಲಿಲ್ಲ. ಉತ್ತರದ ಸಹಾರಾ ಮರುಭೂಮಿಯನ್ನು ದಾಟಿ ಒಂಟೆಗಳ ಸಾಲಿನಲ್ಲಿ ಬರುವ ವ್ಯಾಪಾರವೇ ಆಗ ಮುಖ್ಯವಾಗಿತ್ತು. ಆದರೆ 1440ರ ದಶಕದಲ್ಲಿ ಪೋರ್ಚುಗೀಸ್ ಹಡಗುಗಳು ಸೆನೆಗಲ್ ನದಿಯ ಬಾಯಿಗೆ ಬಂದು ತಲುಪಿದವು. ಅಂದಿನಿಂದ ಜೊಲೊಫಿನ ಹಿತ್ತಲೇ ಹೆಬ್ಬಾಗಿಲಾಯಿತು. ಆ ಬಾಗಿಲ ಬೀಗದ ಕೈ ಮಾತ್ರ ದೊರೆಯ ಬಳಿ ಇರಲಿಲ್ಲ.

ಒಂದು ಕುದುರೆಯ ಬೆಲೆ

ಬಂದ ಹಡಗುಗಳಲ್ಲಿ ಏನಿತ್ತು? ಬಟ್ಟೆ, ಲೋಹದ ಸಾಮಾನುಗಳ ಜೊತೆಗೆ ಎಲ್ಲಕ್ಕಿಂತ ಬೆಲೆಬಾಳುವ ಸರಕೆಂದರೆ ಕುದುರೆ.

ಪಶ್ಚಿಮ ಆಫ್ರಿಕಾದಲ್ಲಿ ಕುದುರೆ ಸಾಕುವುದು ಕಷ್ಟ. ದಕ್ಷಿಣಕ್ಕೆ ಹೋದಷ್ಟೂ ಕಾಡು ಹೆಚ್ಚು, ತೇವ ಹೆಚ್ಚು. ಅಲ್ಲಿನ ತ್ಸೆತ್ಸೆ ನೊಣ ಕಚ್ಚಿದರೆ ಕುದುರೆಗೆ ಮಾರಕ ರೋಗ ತಗಲುತ್ತದೆ. ಜೊಲೊಫಿನ ಬಯಲು ಆ ಕಾಡಿನಷ್ಟು ಅಪಾಯಕಾರಿಯಲ್ಲದಿದ್ದರೂ ಕುದುರೆಗಳು ಅಲ್ಲಿ ಬಹುಕಾಲ ಬಾಳುತ್ತಿರಲಿಲ್ಲ. ಸತ್ತಂತೆಲ್ಲ ಹೊಸದನ್ನು ಕೊಳ್ಳಲೇಬೇಕು. ಬಯಲುನಾಡಿನ ಯುದ್ಧದಲ್ಲಿ ಅಶ್ವದಳವಿದ್ದವನಿಗೇ ಗೆಲುವು. ಕುದುರೆಯಿಲ್ಲದ ದೊರೆಯ ಮಾತಿಗೆ ಸಾಮಂತರು ಕಿವಿಗೊಡುವುದಿಲ್ಲ.

ಈ ಕುದುರೆಗಳಿಗೆ ಕೊಡುತ್ತಿದ್ದ ಬೆಲೆ ಏನು? ಮನುಷ್ಯರು. ವೆನಿಸ್ ನಗರದ ವ್ಯಾಪಾರಿ ಕದಮೊಸ್ತೊ 1455ರಲ್ಲಿ ಪೋರ್ಚುಗೀಸರ ಪರವಾಗಿ ಈ ಕರಾವಳಿಗೆ ಬಂದ. ಕಯೋರಿನ ಒಡೆಯನಿಗೆ ಅವನು ಏಳು ಕುದುರೆಗಳನ್ನು ಸಾಮಾನುಸಹಿತ ಕೊಟ್ಟ. ಪ್ರತಿಯಾಗಿ ಅವನಿಗೆ ಸಿಕ್ಕಿದ್ದು ನೂರು ಮಂದಿ ಗುಲಾಮರು. ಒಂದು ಕುದುರೆಗೆ ಒಂಬತ್ತರಿಂದ ಹದಿನಾಲ್ಕು ಜನರನ್ನು ಕೊಡುತ್ತಾರೆಂದು ಅವನೇ ಬರೆದಿಟ್ಟಿದ್ದಾನೆ.

ಈ ವ್ಯವಹಾರ ಒಂದು ಚಕ್ರದಂತೆ ತಿರುಗುತ್ತಿತ್ತು. ಕುದುರೆ ಬೇಕಾದರೆ ಸೆರೆಯಾಳುಗಳು ಬೇಕು. ಸೆರೆಯಾಳುಗಳು ಬೇಕಾದರೆ ದಾಳಿ ಮಾಡಬೇಕು. ದಾಳಿ ಮಾಡಲು ಕುದುರೆ ಬೇಕು. ಚಕ್ರ ಒಮ್ಮೆ ತಿರುಗಲು ಹತ್ತಿದ ಮೇಲೆ ಯಾವ ಒಡೆಯನೂ ಅದರಿಂದ ಇಳಿಯಲಾರ, ಏಕೆಂದರೆ ಪಕ್ಕದ ಸೀಮೆಯವನು ಇಳಿದಿರುವುದಿಲ್ಲ. ಯುರೋಪಿನ ವ್ಯಾಪಾರಿ ಕೊಂಡ, ಆಫ್ರಿಕಾದ ಒಡೆಯ ಮಾರಿದ. ಇಬ್ಬರ ಲೆಕ್ಕದಲ್ಲೂ ಸೇರದೆ ಹೋದವರು ಆ ನೂರು ಮಂದಿ. ಅವರ ಹೆಸರುಗಳು ಇಂದು ಎಲ್ಲಿಯೂ ಸಿಗುವುದಿಲ್ಲ. ಜೊಲೊಫಿನ ಕಥೆಯನ್ನು ಓದುವಾಗ ಇದನ್ನು ನಾವು ಮರೆಯಬಾರದು.

ಜೆಲೆನ್ ಯಾರು?

1480ರ ದಶಕದಲ್ಲಿ ಜೊಲೊಫಿನ ಬೂರ್ಬಾ ಆಗಿದ್ದವನು ಬಿರಾಮ್. ಅವನು ರಾಜ್ಯಭಾರವನ್ನು ಬಹುಪಾಲು ತನ್ನ ಮಲಸಹೋದರ ಜೆಲೆನ್‌ನ ಕೈಗೆ ಒಪ್ಪಿಸಿದ್ದ. ಜೆಲೆನ್‌ಗೆ ಬೂಮಿ ಎಂಬ ಪದವಿ ಇತ್ತು. ದೊರೆಯ ನಂತರದ ಸ್ಥಾನ ಅದು. ನಮ್ಮ ಭೂಮಿ ಎಂಬ ಪದಕ್ಕೂ ಇದಕ್ಕೂ ಸಂಬಂಧವಿಲ್ಲ, ಕೇಳಲು ಮಾತ್ರ ಹತ್ತಿರ. ಪೋರ್ಚುಗೀಸರು ಪದವಿಯನ್ನೂ ಹೆಸರನ್ನೂ ಒಂದುಗೂಡಿಸಿ ಅವನನ್ನು ಬೆಮೊಯಿಂ ಎಂದು ಬರೆದರು. ಬಹುಕಾಲ ಯುರೋಪಿನ ಪುಸ್ತಕಗಳಲ್ಲಿ ಅವನು ಆ ಹೆಸರಿನಿಂದಲೇ ಉಳಿದ.

ಜೆಲೆನ್ ದೂರದೃಷ್ಟಿಯುಳ್ಳವನು. ಬಲ ಇನ್ನು ಮುಂದೆ ಸಮುದ್ರದ ಕಡೆಯಿಂದ ಬರುತ್ತದೆಂದು ಅವನು ಅರಿತ. ಕರಾವಳಿಯ ಪೋರ್ಚುಗೀಸ್ ವ್ಯಾಪಾರಿಗಳ ಸ್ನೇಹ ಸಂಪಾದಿಸಿ ಅವರಿಂದ ಕುದುರೆಗಳನ್ನು ಕೊಂಡ. ಇದು ಅವನ ಬೇರೆ ಮಲಸಹೋದರರಿಗೆ ಹಿಡಿಸಲಿಲ್ಲ. ತಮಗಿಂತ ಮುಂದೆ ಇವನೇ ದೊರೆಯಾಗುತ್ತಾನೆಂಬ ಭಯ ಅವರಿಗೆ. ಅವರು ಒಳಸಂಚು ಹೂಡಿ ಬೂರ್ಬಾ ಬಿರಾಮ್‌ನನ್ನು ಕೊಂದರು. ಬಳಿಕ ಜೆಲೆನ್ ಮೇಲೆ ಯುದ್ಧಕ್ಕೆ ಬಂದರು.

ಜೆಲೆನ್ ಪೋರ್ಚುಗಲ್ಲಿನ ರಾಜನಿಗೆ ಹೇಳಿಕಳುಹಿಸಿ ನೆರವು ಬೇಡಿದ. ಆಗ ಅಲ್ಲಿ ಆಳುತ್ತಿದ್ದವನು ಎರಡನೆಯ ಜಾನ್. ಅವನು ಕುದುರೆಗಳನ್ನು ಕಳುಹಿಸಿದ, ಜೊತೆಗೆ ಒಂದು ಮಾತನ್ನೂ ಕಳುಹಿಸಿದ: ಜೆಲೆನ್ ಕ್ರೈಸ್ತನಾಗಬೇಕು. ಜೆಲೆನ್ ಮುಸಲ್ಮಾನ. ಯುದ್ಧದ ನಡುವೆ ಮತ ಬದಲಿಸಿದರೆ ತನ್ನ ಪಕ್ಷದ ಜನರೇ ಕೈಬಿಡಬಹುದು. ಅವನು ಇಲ್ಲವೆನ್ನಲಿಲ್ಲ, ಆಗಲೆನ್ನಲೂ ಇಲ್ಲ, ದಿನ ದೂಡಿದ. ಇತ್ತ ಕುದುರೆಗಳ ಸಾಲ ಏರುತ್ತ ಹೋಯಿತು. ವ್ಯಾಪಾರಿಗಳಿಗೆ ಹಣ ಸಲ್ಲಲಿಲ್ಲ. ಪೋರ್ಚುಗಲ್ಲಿನ ರಾಜ ತನ್ನವರನ್ನು ಹಿಂದಕ್ಕೆ ಕರೆಸಿಕೊಂಡ.

ಜೆಲೆನ್ ತನ್ನ ಸೋದರ ಸಂಬಂಧಿಯೊಬ್ಬನ ಕೈಯಲ್ಲಿ ಒಂದು ಚಿನ್ನದ ಬಳೆಯನ್ನೂ ನೂರು ಮಂದಿ ಗುಲಾಮರನ್ನೂ ಕಾಣಿಕೆಯಾಗಿ ಲಿಸ್ಬನ್ನಿಗೆ ಕಳುಹಿಸಿದ. ಅಲ್ಲಿಂದ ಬಂದ ಉತ್ತರ ಒಂದೇ: ಕ್ರೈಸ್ತನಲ್ಲದವನಿಗೆ ಆಯುಧ ಕೊಡಲು ನಮ್ಮ ಧರ್ಮ ಅನುಮತಿಸುವುದಿಲ್ಲ. ಆ ನೂರು ಮಂದಿಯನ್ನು ತೆಗೆದುಕೊಳ್ಳಲು ಮಾತ್ರ ಯಾವ ಧರ್ಮವೂ ಅಡ್ಡಬರಲಿಲ್ಲ.

ಕೊನೆಗೆ ಜೆಲೆನ್ ಯುದ್ಧದಲ್ಲಿ ಸೋತ. ಉಳಿದ ಕೆಲವೇ ಸಂಗಡಿಗರೊಂದಿಗೆ ಕಡಲತೀರವನ್ನು ಹಿಡಿದು ಉತ್ತರಕ್ಕೆ ನಡೆದ. ಇಂದಿನ ಮಾರಿಟಾನಿಯ ದೇಶದ ಕರಾವಳಿಯಲ್ಲಿ ಆರ್ಗಿನ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ಪೋರ್ಚುಗೀಸರ ಕೋಟೆಯಿತ್ತು. ನೂರಾರು ಮೈಲಿಗಳ ಮರಳುದಾರಿಯನ್ನು ಕ್ರಮಿಸಿ ಆ ಕೋಟೆಯನ್ನು ಸೇರಿದ ದೊರೆ ಅಲ್ಲಿಂದ ಹಡಗು ಹತ್ತಿದ.

ಅರಮನೆಯಲ್ಲಿ ಅತಿಥಿ

1488ರ ಶರತ್ಕಾಲದಲ್ಲಿ ಜೆಲೆನ್ ಪೋರ್ಚುಗಲ್ ತಲುಪಿದ. ರಾಜ ಆಗ ಲಿಸ್ಬನ್ನಿನ ದಕ್ಷಿಣದ ಸೆಟೂಬಲ್ ಪಟ್ಟಣದಲ್ಲಿದ್ದ. ಅತಿಥಿಯನ್ನು ಹತ್ತಿರದ ಪಾಲ್ಮೇಲ ಕೋಟೆಯಲ್ಲಿ ಇಳಿಸಿದರು. ಉಡಲು ಬೆಲೆಬಾಳುವ ಬಟ್ಟೆ, ಊಟಕ್ಕೆ ಬೆಳ್ಳಿಯ ಪಾತ್ರೆ, ಸೇವೆಗೆ ಆಳುಗಳು ಎಲ್ಲವನ್ನೂ ಒದಗಿಸಿದರು. ಬಳಿಕ ಆಸ್ಥಾನಕ್ಕೆ ಕರೆತಂದರು.

ಆ ದಿನಗಳ ವಿವರವನ್ನು ಬರೆದಿಟ್ಟವನು ರುಯಿ ದ ಪಿನಾ ಎಂಬ ಆಸ್ಥಾನದ ಚರಿತ್ರೆಕಾರ. ಅವನ ಪ್ರಕಾರ ಜೆಲೆನ್‌ಗೆ ಸುಮಾರು ನಲವತ್ತು ವರ್ಷ. ಎತ್ತರದ ಆಳು, ಉದ್ದನೆಯ ಗಡ್ಡ, ಗಂಭೀರ ಮುಖ. ದುಭಾಷಿಯ ಮೂಲಕ ಅವನು ತನ್ನ ಕಷ್ಟವನ್ನೂ ಹಕ್ಕನ್ನೂ ವಿವರಿಸಿದ ರೀತಿಗೆ ಆಸ್ಥಾನ ಬೆರಗಾಯಿತು. ಅವನ ಮಾತನ್ನು ಗ್ರೀಕ್ ರಾಜಕುಮಾರನ ಮಾತಿಗೆ ಚರಿತ್ರೆಕಾರ ಹೋಲಿಸಿದ್ದಾನೆ. ಇದು ಹೊಗಳಿಕೆಯೇ. ಆದರೆ ಒಬ್ಬ ಆಫ್ರಿಕಾದವನು ಚೆನ್ನಾಗಿ ಮಾತನಾಡಿದರೆ ಅದಕ್ಕೆ ಗ್ರೀಸ್ ದೇಶದ ಹೋಲಿಕೆ ಬೇಕಾಯಿತಲ್ಲ, ಆ ಹೊಗಳಿಕೆಯೊಳಗಿನ ತಾತ್ಸಾರವನ್ನೂ ನೀವು ಗುರುತಿಸಬೇಕು. ಸ್ವಂತ ನಾಡಿನಲ್ಲಿ ರಾಜಸಭೆಗಳನ್ನು ನಡೆಸಿದವನಿಗೆ ರಾಜಸಭೆಯ ಮಾತು ಹೊಸದೇನಲ್ಲ.

ಕುದುರೆ ಸವಾರಿಯಲ್ಲಿ ಅವನ ಸಂಗಡಿಗರು ತೋರಿಸಿದ ಚಮತ್ಕಾರವೂ ದಾಖಲೆಯಾಗಿದೆ. ಓಡುತ್ತಿರುವ ಕುದುರೆಯಿಂದ ಇಳಿದು ಮತ್ತೆ ಏರುವುದು, ವೇಗದಲ್ಲಿ ಸಾಗುವಾಗಲೇ ಬಾಗಿ ನೆಲದ ಮೇಲಿನ ಕಲ್ಲನ್ನು ಎತ್ತಿಕೊಳ್ಳುವುದು ಇಂಥವನ್ನು ನೋಡಲು ಜನ ಸೇರಿದರು.

1488ರ ನವೆಂಬರ್ 3ರಂದು ಜೆಲೆನ್ ಜ್ಞಾನಸ್ನಾನ ಪಡೆದು ಕ್ರೈಸ್ತನಾದ. ರಾಜನ ಹೆಸರನ್ನೇ ಅವನಿಗೂ ಇಟ್ಟರು. ರಾಜರಾಣಿಯರೇ ಧರ್ಮದ ತಂದೆತಾಯಿಗಳಾಗಿ ನಿಂತರು. ಸಂಗಡ ಬಂದಿದ್ದವರಲ್ಲೂ ಹಲವರು ಮತಾಂತರಗೊಂಡರು. ಅವನಿಗೆ ವೀರಪದವಿಯನ್ನೂ ಒಂದು ಲಾಂಛನವನ್ನೂ ನೀಡಲಾಯಿತು. ಅವನು ಪೋರ್ಚುಗಲ್ಲಿನ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಿದ. ಅಂದರೆ ಸ್ವತಂತ್ರ ದೊರೆಯಾಗಿ ಬಂದವನು ಸಾಮಂತನಾಗಿ ಹೊರಟ. ನೆರವಿನ ನಿಜವಾದ ಬೆಲೆ ಇದೇ.

ರಾಜನ ಲೆಕ್ಕಾಚಾರ

ಪೋರ್ಚುಗಲ್ಲಿನ ರಾಜ ಇಷ್ಟೆಲ್ಲ ಮಾಡಿದ್ದು ಬರೀ ಕರುಣೆಯಿಂದಲ್ಲ. ಅವನ ಕಣ್ಣು ಟಿಂಬಕ್ಟುವಿನ ಚಿನ್ನದ ಮೇಲಿತ್ತು. ಪಶ್ಚಿಮ ಆಫ್ರಿಕಾದ ಚಿನ್ನ ಆ ಊರಿನ ಮೂಲಕ ಮರುಭೂಮಿ ದಾಟಿ ಉತ್ತರಕ್ಕೆ ಹೋಗುತ್ತಿತ್ತು. ಸೆನೆಗಲ್ ನದಿಯ ಬಾಯಲ್ಲಿ ಒಂದು ಕೋಟೆ ಕಟ್ಟಿ, ನದಿಯಲ್ಲಿ ಮೇಲಕ್ಕೆ ಸಾಗಿದರೆ ಟಿಂಬಕ್ಟುವನ್ನೇ ಮುಟ್ಟಬಹುದೆಂದು ಅವನ ಎಣಿಕೆ. 1482ರಲ್ಲಿ ಇಂದಿನ ಘಾನಾ ದೇಶದ ಕರಾವಳಿಯಲ್ಲಿ ಎಲ್ಮಿನಾ ಕೋಟೆಯನ್ನು ಕಟ್ಟಿಸಿ ಅಲ್ಲಿನ ಚಿನ್ನದ ವ್ಯಾಪಾರವನ್ನು ಅವನು ಕೈಗೆ ತಂದುಕೊಂಡಿದ್ದ. ಅದೇ ಉಪಾಯವನ್ನು ಇಲ್ಲಿಯೂ ಹೂಡಿದ. ಸ್ನೇಹಿತನಾದ ಒಬ್ಬ ದೊರೆ ಒಳನಾಡಿನಲ್ಲಿದ್ದರೆ ಕೆಲಸ ಇನ್ನೂ ಸುಲಭ.

ನಕಾಶೆಯಲ್ಲಿ ಇದನ್ನು ಪರೀಕ್ಷಿಸಿ. ಟಿಂಬಕ್ಟು ಇರುವುದು ನೈಜರ್ ನದಿಯ ಸಮೀಪ. ಸೆನೆಗಲ್ ನದಿ ಅಲ್ಲಿಗೆ ಹೋಗುವುದೇ ಇಲ್ಲ. ಅದು ಗಿನಿಯ ಬೆಟ್ಟಗಳ ಕಡೆಯಿಂದ ಇಳಿದು ಬರುತ್ತದೆ. ಇಂದಿನ ಮಾಲಿ ದೇಶದ ಕಾಯೆಸ್ ಊರಿನ ಬಳಿಯ ಫೆಲೂ ಜಲಪಾತ ದೋಣಿಗಳನ್ನು ತಡೆದು ನಿಲ್ಲಿಸುತ್ತದೆ. ಹೀಗೆ ಇಡೀ ಯೋಜನೆ ಒಂದು ತಪ್ಪು ನಕಾಶೆಯ ಮೇಲೆ ನಿಂತಿತ್ತು. ಜೆಲೆನ್‌ನ ಅದೃಷ್ಟವೂ ಅದೇ ನಕಾಶೆಗೆ ಗಂಟುಬಿದ್ದಿತು.

ನದಿಯ ಬಾಯಲ್ಲಿ

ಇಪ್ಪತ್ತು ಕ್ಯಾರವೆಲ್ ಹಡಗುಗಳು ಸಿದ್ಧವಾದವು. ಸೈನಿಕರು, ಪಾದ್ರಿಗಳು, ಕಲ್ಲುಕುಟಿಗರು, ಬಡಗಿಗಳು, ಕೋಟೆಗೆ ಬೇಕಾದ ಸಾಮಗ್ರಿ ಎಲ್ಲವನ್ನೂ ಹೇರಿದರು. ದಂಡನಾಯಕನಾಗಿ ಪೆರೊ ವಾಜ್ ದ ಕುನ್ಯಾ ನೇಮಕಗೊಂಡ. ಪಡೆ ಸೆನೆಗಲ್ ನದಿಯ ಬಾಯನ್ನು ತಲುಪಿ ಕೋಟೆಯ ಕೆಲಸಕ್ಕೆ ಕೈಹಾಕಿತು. ಆದರೆ ಜಾಗ ಆರೋಗ್ಯಕರವಾಗಿರಲಿಲ್ಲ. ಜ್ವರದಿಂದ ಜನ ಮಲಗತೊಡಗಿದರು.

ಅಲ್ಲಿಯೇ ಒಂದು ದಿನ ದಂಡನಾಯಕ ಜೆಲೆನ್‌ನನ್ನು ಇರಿದು ಕೊಂದ. ಅವನು ದ್ರೋಹ ಬಗೆದಿದ್ದನೆಂದು ಕಾರಣ ಹೇಳಿದ. ಕೋಟೆಯ ಕೆಲಸ ಅಲ್ಲಿಗೇ ನಿಂತಿತು. ಇಪ್ಪತ್ತು ಹಡಗುಗಳೂ ಹಿಂದಿರುಗಿದವು.

ದ್ರೋಹ ನಡೆದಿತ್ತೇ? ಪೋರ್ಚುಗೀಸ್ ಚರಿತ್ರೆಕಾರರೇ ಅದನ್ನು ನಂಬಲಿಲ್ಲ. ರುಯಿ ದ ಪಿನಾ ಮತ್ತು ಮುಂದಿನ ತಲೆಮಾರಿನ ಜೊಆವ್ ದ ಬಾರೊಸ್ ಬರೆದುದನ್ನು ಓದಿದರೆ ಬೇರೆಯೇ ಅನುಮಾನ ಬರುತ್ತದೆ. ಕೋಟೆ ಮುಗಿದರೆ ಆ ರೋಗದ ನೆಲದಲ್ಲಿ ತಾನೇ ಕಾವಲಿಗೆ ಉಳಿಯಬೇಕಾದೀತೆಂದು ದಂಡನಾಯಕನಿಗೆ ಭಯ. ದೊರೆಯೇ ಇಲ್ಲವಾದರೆ ಕೋಟೆಯೂ ಬೇಡ, ಕಾವಲೂ ಬೇಡ. ಯೋಚಿಸಿ ನೋಡಿ: ಸಿಂಹಾಸನ ಸೇರಲು ಆ ಪಡೆಯೊಂದೇ ದಾರಿಯಾಗಿದ್ದವನು, ತನ್ನ ನೆಲವನ್ನು ಮುಟ್ಟಿದೊಡನೆ ಅದೇ ಪಡೆಗೆ ದ್ರೋಹ ಬಗೆದು ಗಳಿಸುವುದಾದರೂ ಏನು?

ಸುದ್ದಿ ಕೇಳಿ ಪೋರ್ಚುಗಲ್ಲಿನ ರಾಜನಿಗೆ ಬಹಳ ಬೇಸರವಾಯಿತೆಂದು ದಾಖಲೆ ಹೇಳುತ್ತದೆ. ಎರಡನೆಯ ಜಾನ್ ಕಠಿಣ ಶಿಕ್ಷೆಗೆ ಹೆಸರಾದವನು. ತನ್ನ ವಿರುದ್ಧ ಸಂಚು ಮಾಡಿದ ಸ್ವಂತ ನೆಂಟನನ್ನೇ 1484ರಲ್ಲಿ ತನ್ನ ಕೈಯಿಂದ ಇರಿದು ಕೊಂದಿದ್ದ. ಅಂಥವನು ಈ ದಂಡನಾಯಕನನ್ನು ಶಿಕ್ಷಿಸಲಿಲ್ಲ. ಶಿಕ್ಷಿಸಹೊರಟರೆ ತಪ್ಪಿನಲ್ಲಿ ಪಾಲಿದ್ದ ಬಹಳ ಜನರನ್ನು ಶಿಕ್ಷಿಸಬೇಕಾಗುತ್ತಿತ್ತು. ಧರ್ಮದ ಮಗನೆಂದು ಕರೆದುಕೊಂಡವನ ಕೊಲೆಗೆ ವಿಚಾರಣೆಯೇ ಆಗಲಿಲ್ಲ.

ಯಾರ ಮಾತು ಉಳಿಯಿತು?

ಇಲ್ಲಿ ಒಂದು ಮುಖ್ಯ ವಿಷಯಕ್ಕೆ ಬರೋಣ. ಜೆಲೆನ್‌ನ ಬಗ್ಗೆ ನಾವು ತಿಳಿದಿರುವುದೆಲ್ಲ ಬಹುಮಟ್ಟಿಗೆ ಪೋರ್ಚುಗೀಸರು ಬರೆದುದು. ಅವನು ಆಸ್ಥಾನದಲ್ಲಿ ಆಡಿದ ಮಾತು ದುಭಾಷಿಯ ಬಾಯಿಂದ ಚರಿತ್ರೆಕಾರನ ಕಿವಿಗೆ ಬಂದು, ಅಲ್ಲಿಂದ ಕಾಗದಕ್ಕೆ ಇಳಿದದ್ದು. ವೊಲೊಫ್ ಭಾಷೆಯಲ್ಲಿ ಅವನು ನಿಜವಾಗಿ ಏನೆಂದನೋ ಅದು ನಮಗೆ ದಕ್ಕಿಲ್ಲ. ಇನ್ನೊಂದೆಡೆ ನ್ಜಾಜಾನ್ ನ್ಜಾಯ್‌ನ ಕಥೆ ವೊಲೊಫರ ಬಾಯಲ್ಲೇ ಉಳಿದು ಬಂದಿದೆ, ಆದರೆ ಅದಕ್ಕೆ ತೇದಿಯಿಲ್ಲ.

ಒಬ್ಬನಿಗೆ ತೇದಿಯಿದೆ, ತನ್ನವರ ದನಿಯಿಲ್ಲ. ಮತ್ತೊಬ್ಬನಿಗೆ ತನ್ನವರ ದನಿಯಿದೆ, ತೇದಿಯಿಲ್ಲ. ಆಫ್ರಿಕಾದ ಚರಿತ್ರೆಯನ್ನು ಬರೆಯುವವರ ಮುಂದಿರುವ ಸವಾಲು ಇದೇ. ಬರವಣಿಗೆಯಲ್ಲಿರುವುದೆಲ್ಲ ನಿಜ, ಬಾಯಿಮಾತೆಲ್ಲ ಸುಳ್ಳು ಎಂದು ಹೇಳಿದರೆ ಕೊಂದವನ ಸಾಕ್ಷಿಯನ್ನಷ್ಟೇ ಕೇಳಿದಂತಾಗುತ್ತದೆ. ಎರಡನ್ನೂ ಎದುರುಬದುರು ಇಟ್ಟು, ಒಂದೊಂದಕ್ಕೂ ಅದರದೇ ಪ್ರಶ್ನೆ ಕೇಳಬೇಕು. ಜೆಲೆನ್‌ನ ಮೇಲಿನ ದ್ರೋಹದ ಆರೋಪವನ್ನು ಪೋರ್ಚುಗೀಸ್ ಬರಹಗಳಿಂದಲೇ ನಾವು ಅನುಮಾನಿಸಬಹುದಾಯಿತು ಎಂಬುದನ್ನು ಗಮನಿಸಿ. ಎಚ್ಚರದಿಂದ ಓದಿದರೆ ಎದುರಾಳಿಯ ದಾಖಲೆಯೂ ನಿಜ ನುಡಿಯುತ್ತದೆ.

ಸಾಮ್ರಾಜ್ಯ ಮುರಿದ ಬಗೆ

ಜೆಲೆನ್ ಸತ್ತ ಮೇಲೂ ಜೊಲೊಫ್ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಾಳಿತು. 1500ರ ನಂತರದ ವರ್ಷಗಳಲ್ಲಿ ಬರೆದ ಪೋರ್ಚುಗೀಸ್ ನಾವಿಕ ಪಷೆಕೊ ಪೆರೇರ ಅದರ ದೊರೆ ಹತ್ತು ಸಾವಿರ ಅಶ್ವದಳವನ್ನು ಕೂಡಿಸಬಲ್ಲನೆಂದು ಹೇಳಿದ್ದಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು, ಆದರೆ ಜೊಲೊಫಿನ ಹೆಸರಿಗೆ ಇನ್ನೂ ತೂಕವಿತ್ತೆಂಬುದು ಸ್ಪಷ್ಟ.

ಒಳಗಿನಿಂದ ಮಾತ್ರ ಅದು ಸಡಿಲವಾಗುತ್ತಿತ್ತು. ಹದಿನಾರನೆಯ ಶತಮಾನದ ಆದಿಯಲ್ಲಿ ಉತ್ತರದ ಸೆನೆಗಲ್ ಕಣಿವೆಯಲ್ಲಿ ಕೋಲಿ ತೆಂಗೆಲ್ಲನ ಫುಲಾನಿ ರಾಜ್ಯ ತಲೆಯೆತ್ತಿತು. ಇದರಿಂದ ಮರುಭೂಮಿಯ ವ್ಯಾಪಾರದ ದಾರಿ ಜೊಲೊಫಿನ ಕೈತಪ್ಪಿತು. ಪಶ್ಚಿಮದ ಕರಾವಳಿಯಲ್ಲಿ ಸಾಮಂತರು ಹಡಗುಗಳಿಂದ ನೇರವಾಗಿ ಕುದುರೆ ಕೊಂಡು ಬಲಿತರು. ಒಳನಾಡಿನ ಬೂರ್ಬಾನಿಗೆ ಕಪ್ಪ ಕೊಡುವ ಅಗತ್ಯ ಅವರಿಗೆ ಕಾಣಲಿಲ್ಲ. 1549ರಲ್ಲಿ ದಾಂಕಿ ಎಂಬಲ್ಲಿ ನಡೆದ ಯುದ್ಧದಲ್ಲಿ ಕಯೋರಿನ ಅಮರಿ ನ್ಗೋನೆ ಸೋಬೆಲ್ ಜೊಲೊಫಿನ ಬೂರ್ಬಾನನ್ನು ಸೋಲಿಸಿದ. ಬೂರ್ಬಾ ರಣರಂಗದಲ್ಲೇ ಮಡಿದ. ಒಪ್ಪಿ ಸೇರಿದ್ದ ಸೀಮೆಗಳು ಒಂದೊಂದಾಗಿ ಬೇರೆಯಾದವು. ನೀವು ನೆನಪಿಟ್ಟುಕೊಂಡ ಮಾತು ಇಲ್ಲಿ ಉಪಯೋಗಕ್ಕೆ ಬಂತಲ್ಲವೇ?

ಜೊಲೊಫ್ ಒಂದು ಸಣ್ಣ ರಾಜ್ಯವಾಗಿ 1890ರವರೆಗೆ ಉಳಿದಿತ್ತು. ಆ ವರ್ಷ ಫ್ರೆಂಚರು ಅದನ್ನು ವಶಪಡಿಸಿಕೊಂಡರು. 1960ರಲ್ಲಿ ಸೆನೆಗಲ್ ಸ್ವತಂತ್ರವಾಯಿತು. ಇಂದು ಆ ದೇಶದ ಬಹುಪಾಲು ಜನ ಮಾತನಾಡಬಲ್ಲ ಭಾಷೆ ವೊಲೊಫ್. ಪಶ್ಚಿಮ ಆಫ್ರಿಕಾದ ಮನೆಮನೆಗಳಲ್ಲಿ ಟೊಮೆಟೊ ಹಾಕಿ ಮಾಡುವ ಕೆಂಪು ಅನ್ನಕ್ಕೆ ಜೊಲೊಫ್ ಅನ್ನವೆಂದೇ ಹೆಸರು. ಸಾಮ್ರಾಜ್ಯ ಅಳಿದರೂ ಅದರ ಹೆಸರು ತಟ್ಟೆಯಲ್ಲಿ ಉಳಿಯಿತು. ಆದರೆ ವೊಲೊಫರ ಹೆಸರು ಬೇರೆ ದಾರಿಯಿಂದಲೂ ಸಾಗರ ದಾಟಿತು. ಗುಲಾಮರಾಗಿ ಮಾರಲ್ಪಟ್ಟ ವೊಲೊಫರು 1520ರ ದಶಕದ ಆರಂಭದಲ್ಲಿ ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲ ದ್ವೀಪದಲ್ಲಿ, ಕೊಲಂಬಸ್‌ನ ಮಗನ ಕಬ್ಬಿನ ತೋಟದಿಂದಲೇ ಬಂಡೆದ್ದರು. ಅಮೆರಿಕಗಳಲ್ಲಿ ಆಫ್ರಿಕನ್ ಗುಲಾಮರು ನಡೆಸಿದ ಅತ್ಯಂತ ಹಳೆಯ ದಂಗೆಗಳಲ್ಲಿ ಅದೊಂದು. ಕುದುರೆಯ ಬೆಲೆಯಾಗಿ ಹೋದ ಜನ ಅಲ್ಲಿ ಎದ್ದು ನಿಂತರು.

ನಮ್ಮ ನಾಡಿಗೂ ಒಂದು ಎಳೆ

ಇದೆಲ್ಲ ಎಲ್ಲೋ ದೂರದ ಮಾತೆಂದು ತಿಳಿಯಬೇಡಿ. ಜೆಲೆನ್ ಸೆಟೂಬಲ್‌ನಲ್ಲಿದ್ದ ಅದೇ 1488ರಲ್ಲಿ ಅದೇ ರಾಜ ಕಳುಹಿಸಿದ್ದ ಬಾರ್ತೊಲೊಮಿಯು ಡಯಾಸ್ ಆಫ್ರಿಕಾದ ದಕ್ಷಿಣ ತುದಿಯನ್ನು ಬಳಸಿ ಬಂದು ಡಿಸೆಂಬರ್ ತಿಂಗಳಲ್ಲಿ ಲಿಸ್ಬನ್ ಸೇರಿದ. ಹತ್ತು ವರ್ಷದಲ್ಲಿ, 1498ರಲ್ಲಿ, ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದ. ಮರಳುವ ಮುನ್ನ ಕಾರವಾರದ ಹತ್ತಿರದ ಅಂಜದೀವ ದ್ವೀಪದಲ್ಲಿ ತನ್ನ ಹಡಗುಗಳನ್ನು ರಿಪೇರಿ ಮಾಡಿಕೊಂಡ.

ಕುದುರೆಯ ಹಸಿವು ನಮ್ಮಲ್ಲೂ ಇತ್ತು. ಜೆಲೆನ್‌ನ ಸಮಕಾಲೀನನಾದ ಸಾಳುವ ನರಸಿಂಹ 1485ರಲ್ಲಿ ವಿಜಯನಗರದ ಸಿಂಹಾಸನವನ್ನು ಹಿಡಿದ. ಹಾರ್ಮುಜ್ ಮತ್ತು ಏಡನ್ ಬಂದರುಗಳಿಂದ ಕುದುರೆ ತರಿಸುತ್ತಿದ್ದ ಅವನು, ದಾರಿಯಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಪೂರ್ತಿ ಬೆಲೆ ಕೊಡುತ್ತಿದ್ದನೆಂದು ಪೋರ್ಚುಗೀಸ್ ಪ್ರವಾಸಿ ನೂನಿಜ್ ಬರೆದಿದ್ದಾನೆ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಈ ಕುದುರೆ ವ್ಯಾಪಾರದ ಮೇಲೆ ಹಿಡಿತ ಸಾಧಿಸಿದರು. ಒಂದು ಕಡೆಯ ಅರಸರಿಗೆ ಕೊಡುವುದು, ಇನ್ನೊಂದು ಕಡೆಯವರಿಗೆ ತಡೆಯುವುದು ಅವರ ರಾಜಕೀಯದ ಸಾಧನವಾಯಿತು. ಈ ವಿದ್ಯೆಯನ್ನು ಅವರು ಸೆನೆಗಲ್ ಕರಾವಳಿಯಲ್ಲಿ ಅರ್ಧ ಶತಮಾನಕ್ಕೂ ಮೊದಲೇ ಕಲಿತಿದ್ದರು.

ನೀವೇ ಯೋಚಿಸಿ

ಪಾಠ ಓದಿ ಮುಗಿಸಿದ ಮೇಲೆ ಗೆಳೆಯರೊಂದಿಗೆ ಈ ಪ್ರಶ್ನೆಗಳನ್ನು ಚರ್ಚಿಸಿ.

1. ಜೆಲೆನ್‌ಗೆ ಪೋರ್ಚುಗಲ್ಲಿನ ನೆರವು ಕೇಳುವುದನ್ನು ಬಿಟ್ಟು ಬೇರೆ ದಾರಿಯಿತ್ತೇ? ಇದ್ದರೆ ಅದರ ಬೆಲೆ ಏನಾಗುತ್ತಿತ್ತು?

2. ರಾಜಧಾನಿ ಒಳನಾಡಿನಲ್ಲಿದ್ದು, ಕರಾವಳಿ ಸಾಮಂತರ ಕೈಯಲ್ಲಿದ್ದ ಬೇರೆ ರಾಜ್ಯಗಳನ್ನು ನಿಮ್ಮ ಇತಿಹಾಸ ಪುಸ್ತಕದಲ್ಲಿ ಹುಡುಕಿ. ಅಲ್ಲಿ ಏನಾಯಿತು?

3. ನಿಮ್ಮ ಊರಿನ ಹುಟ್ಟಿನ ಬಗ್ಗೆ ಹಿರಿಯರು ಹೇಳುವ ಕಥೆಯೊಂದನ್ನು ಬರೆದುಕೊಳ್ಳಿ. ಅದರಲ್ಲಿ ತೇದಿಗ ನಿಲ್ಲದ ಸಂಗತಿ ಯಾವುದು, ಆದರೂ ನಿಜವನ್ನು ಹೇಳುವ ಸಂಗತಿ ಯಾವುದು?

ನೆರವು ಕೇಳಲು ಹೋದ ಒಬ್ಬ ದೊರೆ ಮನೆ ಮುಟ್ಟಲಿಲ್ಲ. ಅವನು ಕಾಣಿಕೆಯಾಗಿ ಕಳುಹಿಸಿದ ನೂರು ಮಂದಿಯೂ ಮನೆ ಮುಟ್ಟಲಿಲ್ಲ. ಚರಿತ್ರೆ ಮೊದಲನೆಯವನ ಹೆಸರನ್ನು ತಪ್ಪಾಗಿಯಾದರೂ ಬರೆದುಕೊಂಡಿತು. ಉಳಿದವರನ್ನು ಎಣಿಸಿ ಸುಮ್ಮನಾಯಿತು. ಮುಂದೆ ನೀವು ಯಾವ ಸಾಮ್ರಾಜ್ಯದ ಪಾಠವನ್ನು ಓದಿದರೂ ಇಬ್ಬರನ್ನೂ ಹುಡುಕಿ ನೋಡಿ.